ಎಳೆ ಜೋಳದ ಸಸಿಗೆ ಬಳಕೆಯ ಕೈಪಿಡಿ

ಮೊಳೆತಿದ್ದೀರಿ, ಸಂತೋಷ. ವಿಜಯಪುರದ ಕಡೆಯ ಎರೆ ಹೊಲದಲ್ಲೇ ಆಗಿದ್ದರೆ ಇನ್ನೂ ಸಂತೋಷ. ಓಡಲು ನಿಮಗೆ ಕಾಲಿಲ್ಲ, ಹಾಯಲು ಕೋಡಿಲ್ಲ. ಆದ್ದರಿಂದ ಧುರಿನ್ ಎಂಬ ವಿಷದ ಉಪಕರಣವನ್ನು ಹುಟ್ಟಿನಲ್ಲೇ ಕೊಟ್ಟಿದೆ. ಒಣ ಕಾಳಿನಲ್ಲಿ ಅದನ್ನು ಹುಡುಕಬೇಡಿ. ರೊಟ್ಟಿ ತಿನ್ನುವವರ ಪುಣ್ಯ, ಅಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೊಳಕೆಯೊಡೆದ ಮೇಲೆ ಅಮೈನೋ ಆಮ್ಲವಾದ ಟೈರೋಸಿನ್‌ನಿಂದ ನೀವೇ ಮಾಡಿಕೊಳ್ಳಬೇಕು. (1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ರಸಾಯನಶಾಸ್ತ್ರಜ್ಞರು ಧುರಿನ್ ಅನ್ನು ಬೇರ್ಪಡಿಸಿ, ಜೋಳದ ಅರಬ್ಬಿ ಹೆಸರನ್ನೇ ಇದಕ್ಕೂ ಇಟ್ಟರು.)

ಜೋಡಣೆ: ನೀವು ಮಾಡಬೇಡಿ. ಧುರಿನ್ ಎಲೆಯ ಹೊರಪದರದ ಕೋಶಗಳಲ್ಲಿರಲಿ, ಅದನ್ನು ಒಡೆಯುವ ಕಿಣ್ವ ಒಳಗಿನ ಕೋಶಗಳಲ್ಲಿರಲಿ. ಒಂದೇ ಮನೆಯಲ್ಲಿ ಅತ್ತೆಗೊಂದು ಒಲೆ, ಸೊಸೆಗೊಂದು ಒಲೆ ಹೂಡಿದ ಹಾಗೆ. ಎರಡನ್ನೂ ಕೂಡಿಸುವ ಕೆಲಸ ದನದ್ದು. ಅದಕ್ಕೆ ಬೇಕಾದ ಹಲ್ಲನ್ನು ಅದೇ ತರುತ್ತದೆ. ಜಗಿದ ಕೂಡಲೇ ಕೋಶದ ಗೋಡೆಗಳು ಹರಿದು, ಎರಡೂ ಬೆರೆತು, ಹೈಡ್ರೋಜನ್ ಸಯನೈಡ್ ಏಳುತ್ತದೆ. ಆಮೇಲೆ ದನ ಎಷ್ಟು ಉಸಿರೆಳೆದರೂ ಅದರ ಜೀವಕೋಶಗಳಿಗೆ ಆಮ್ಲಜನಕವನ್ನು ಬಳಸಲು ಆಗದು. ಬಳಕೆಯಾಗದ ಆಮ್ಲಜನಕ ರಕ್ತದಲ್ಲೇ ಉಳಿದು, ರಕ್ತ ಹೊಳೆಯುವ ಕೆಂಪಾಗುತ್ತದೆ. ದನದ ಡಾಕ್ಟರು ಸೋಡಿಯಂ ಥಯೋಸಲ್ಫೇಟ್ ಸೂಜಿ ಹಿಡಿದು ಓಡಿ ಬಂದರೆ ಉಳಿದೀತು. ದೂರದ ಹಳ್ಳಿಯಾದರೆ ಕಷ್ಟ.

ಹದ: ಎಳೆತನದಲ್ಲಿ ವಿಷದ ಹದ ತಾನಾಗಿಯೇ ಮೇಲಿರುತ್ತದೆ, ನೀವೇನೂ ತಿರುಗಿಸಬೇಕಿಲ್ಲ. ಬೆಳೆದಂತೆಲ್ಲ ಅದು ಮೈತುಂಬ ಹಂಚಿಹೋಗಿ ತೆಳುವಾಗುತ್ತದೆ. ಹೂ ಬಿಡುವ ಮೊದಲು ದನ ಮೇಯಿಸಬೇಡಿ ಎಂದು ಹಿರಿಯರು ಗದರುವುದು ಅದಕ್ಕೇ. ಮಳೆ ಕೈಕೊಟ್ಟರೆ ಕತೆ ತಿರುಗುತ್ತದೆ. ನೀವು ಗೇಣುದ್ದಕ್ಕೇ ಮುರುಟಿ ನಿಲ್ಲುತ್ತೀರಿ, ವಿಷ ಮಾತ್ರ ಗಟ್ಟಿಯಾಗುತ್ತದೆ. ಮೇವಿಲ್ಲದ ದನ ನಿಮ್ಮತ್ತ ಆಸೆಯಿಂದ ನೋಡುವುದೂ ಅದೇ ಬರದಲ್ಲಿ. ಪಾಪ, ಬೆಳೆ ಚೇತರಿಸಲಿ ಎಂದು ರೈತ ಯೂರಿಯಾ ಎರಚಿದರೆ ಸಾರಜನಕ ಸಿಕ್ಕಿತೆಂದು ನೀವು ಇನ್ನಷ್ಟು ಧುರಿನ್ ತುಂಬಿಕೊಳ್ಳಬಹುದು. ಅವನ ಉಪಕಾರಕ್ಕೆ ಇದೇನು ಪ್ರತಿಫಲ ಎಂದು ನನಗೂ ಅನ್ನಿಸಿದೆ.

ಎಚ್ಚರಿಕೆ: ಕೊಯ್ದು ಚೆನ್ನಾಗಿ ಒಣಗಿಸಿದರೆ ಸಯನೈಡ್ ಬಹುಪಾಲು ಗಾಳಿಗೆ ಹೋಗುತ್ತದೆ. ಕಣಿಕೆಯ ಬಣವೆ ಸೇರಿದ ಮೇಲೆ ಯಾವ ಎತ್ತೂ ನಿಮಗೆ ಹೆದರದು.

ದೂರುಗಳು: ಸುಳಿನೊಣದ ವಿಷಯದಲ್ಲಿ ದೂರು ಸ್ವೀಕರಿಸಲಾಗುವುದಿಲ್ಲ. ಇಷ್ಟು ವಿಷವಿದ್ದೂ ಅದು ಎಲೆಯಡಿ ಮೊಟ್ಟೆಯಿಡುತ್ತದೆ, ಮರಿಹುಳು ಒಳಗಿಳಿದು ಸುಳಿಯನ್ನೇ ಕತ್ತರಿಸುತ್ತದೆ. ಸುಳಿ ಒಣಗಿದರೆ ಧೃತಿಗೆಡದೆ ಬುಡದಿಂದ ಹೊಸ ಮರಿ ಒಡೆಯಿರಿ. ಅವೂ ಎಳೆಯವೇ, ಅವುಗಳಲ್ಲೂ ವಿಷ ಮೇಲೇ. ಅವಕ್ಕೆ ಈ ಕೈಪಿಡಿಯನ್ನು ಮೊದಲಿನಿಂದ ಓದಿ ಹೇಳಿ.