ನವೆ ಮೀಮಾಂಸೆ, ಅಥವಾ ದೇವನಹಳ್ಳಿಯ ಒಂದು ಬೆನ್ನಿನ ಮೇಲೆ ನಡೆದ ವಾದ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ ಈ ಗ್ರಂಥದ ವಿಷಯ: ದೇವನಹಳ್ಳಿ ಕೋಟೆಯೊಳಗೆ ವಾಸವಾಗಿರುವ, ಅರವತ್ತರ ಆಸುಪಾಸಿನ ಗೃಹಸ್ಥರೊಬ್ಬರ ಬೆನ್ನಿನ ಎಡಗಡೆ, ಹೆಗಲಮೂಳೆಯ ಕೆಳಗೆ, ಅಂಗೈ ಅಗಲದ ಜಾಗದಲ್ಲಿ ಎದ್ದ ನವೆ ಮತ್ತು ಉರಿ. ಕಣ್ಣಿಗೆ ಏನೂ ಕಾಣದು. ಅಂಗಿ ತಗುಲಿದರೆ ಮಾತ್ರ ಹಸಿಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಪ್ರಯೋಜನ: ಊರಿಗೆ ಹೊತ್ತು ಹೋಗುವುದು. ಸಂಬಂಧ: ನೆಂಟರಿಷ್ಟರು, ನೆರೆಹೊರೆಯವರು. ಇನ್ನು ಅಧಿಕಾರಿ, ಎಂದರೆ ಈ ಶಾಸ್ತ್ರದಲ್ಲಿ ಮಾತಾಡುವ ಅರ್ಹತೆ ಉಳ್ಳವರು ಯಾರು? ಈ ಒಂದು ಪ್ರಶ್ನೆಯಲ್ಲಿ ಮಾತ್ರ ಪಂಥಭೇದವಿಲ್ಲ. ವೈದ್ಯರನ್ನು ಬಿಟ್ಟು ಎಲ್ಲರೂ.

ಲಕ್ಷಣ ಮತ್ತು ಉಪಕರಣ

ಕೆರೆಯಬೇಕೆನ್ನಿಸುವ ಅಹಿತವೇ ತುರಿಕೆ ಎಂದು 1660ರಲ್ಲಿ ಜರ್ಮನಿಯ ವೈದ್ಯ ಸಾಮ್ಯುಯೆಲ್ ಹಾಫೆನ್‌ರೆಫರ್ ಲಕ್ಷಣ ಬರೆದ. ಮೂರೂವರೆ ಶತಮಾನ ಕಳೆದರೂ ಚರ್ಮರೋಗದ ಪುಸ್ತಕಗಳು ಅವನನ್ನೇ ನೆನೆಯುತ್ತವೆ. ಕೆರೆದಾಗ ಹುಟ್ಟುವ ಸಣ್ಣ ನೋವು ತುರಿಕೆಯ ಸುದ್ದಿ ಮೆದುಳಿಗೆ ಮುಟ್ಟದ ಹಾಗೆ ಬೆನ್ನುಹುರಿಯಲ್ಲೇ ಸ್ವಲ್ಪ ಹೊತ್ತು ತಡೆಯುತ್ತದೆ; ಆ ಸ್ವಲ್ಪ ಹೊತ್ತನ್ನೇ ಜನ ಸುಖ ಎನ್ನುತ್ತಾರೆ.

ಕೆರೆಯುವ ಉಪಕರಣಗಳು ಐದು: ಉಗುರು, ಬಾಚಣಿಗೆ, ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು, ಬಾಗಿಲುವಾಡ ಮತ್ತು ಕೋಟೆಗೋಡೆ. ಕೊನೆಯದು ಎಮ್ಮೆಗಳಲ್ಲಿ ಪ್ರಸಿದ್ಧ. ಆದರೆ 1501ರಲ್ಲಿ ಮಲ್ಲಬೈರೇಗೌಡ ಮಣ್ಣಿನಲ್ಲಿ ಕಟ್ಟಿಸಿ, ಹೈದರ್-ಟಿಪ್ಪು ಕಾಲದಲ್ಲಿ ಕಲ್ಲಿಗೆ ತಿರುಗಿದ ಈ ಕೋಟೆ ಈಗ ರಕ್ಷಿತ ಸ್ಮಾರಕ. ಬೆನ್ನುಜ್ಜಿ ಸವೆಸುವುದು 1958ರ ಸ್ಮಾರಕ ಕಾಯ್ದೆಯ ಕೆಳಗೆ ಬರುತ್ತದೋ ಇಲ್ಲವೋ ಎಂಬುದನ್ನು ಕಾನೂನು ಪಂಡಿತರಿಗೆ ಬಿಟ್ಟು ಮುಂದೆ ಹೋಗೋಣ.

ಪೂರ್ವಪಕ್ಷಗಳು

ಒಂದನೆಯದು ನಂಜು ಪಂಥ. ಇದರ ಆಚಾರ್ಯೆ ಗೃಹಸ್ಥರ ತಾಯಿ. “ಬದ್ನೆಕಾಯಿ ಬ್ಯಾಡ ಅಂತ ಬಡ್ಕಂಡೆ, ಕೇಳಿದ್ಯಾ?” ಎಂಬುದು ಮೂಲಸೂತ್ರ. ಈ ಮತದಲ್ಲಿ ನಂಜಿನ ಪದಾರ್ಥ ರಕ್ತಕ್ಕೆ ಸೇರಿ ಪಿತ್ತದ ಗಂಧೆಯಾಗಿ ಮೇಲೇಳುತ್ತದೆ. ಚಿಕಿತ್ಸೆ: ದೊಡ್ಡಪತ್ರೆ ಸೊಪ್ಪು ಉಜ್ಜಿ, ಕಂಬಳಿ ಹೊದಿಸುವುದು. ಗಮನಿಸಬೇಕಾದದ್ದೆಂದರೆ, ಅದೇ ವಾರ ಮನೆಯಲ್ಲಿ ಮೂರು ಹೊತ್ತೂ ಸೊಗಡಿನ ಅವರೆಕಾಯಿ ನಡೆಯುತ್ತಿತ್ತು. ಕಾಲದಲ್ಲಿ ಬಂದ ಅವರೆಯ ಮೇಲೆ ಆರೋಪ ಹೊರಿಸುವ ಎದೆಗಾರಿಕೆ ಈ ಸೀಮೆಯ ಯಾವ ಪಂಥಕ್ಕೂ ಇಲ್ಲವಾದ್ದರಿಂದ ಬದನೆಕಾಯಿಯೇ ಅಪರಾಧಿಯಾಯಿತು. ಆಕ್ಷೇಪ: ಗಂಧೆಯ ದದ್ದು ಒಂದು ಕಡೆ ಎದ್ದು, ಸಾಮಾನ್ಯವಾಗಿ ದಿನದೊಳಗೆ ಅಡಗಿ, ಇನ್ನೊಂದು ಕಡೆ ಏಳುವ ಅಲೆಮಾರಿ. ಇದು ಕೂತ ಜಾಗ ಬಿಟ್ಟು ಕದಲುತ್ತಿಲ್ಲ.

ಎರಡನೆಯದು ಕಾಂಗ್ರೆಸ್ ಗಿಡ ಪಂಥ. ಪ್ರವರ್ತಕರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಈ ಪಂಥಕ್ಕೆ ಉಳಿದವುಗಳಿಗಿಲ್ಲದ ಇತಿಹಾಸಬಲವಿದೆ. ಅಮೆರಿಕ ಖಂಡದ ಈ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯ ಕಡೆ ಕಣ್ಣಿಗೆ ಬಿತ್ತು. ಆಮದು ಗೋಧಿಯ ಜತೆ ಬಂತೆಂದು ಪ್ರತೀತಿ. ಕರ್ನಾಟಕ ಸರ್ಕಾರ 1975ರಲ್ಲಿ ಅದನ್ನು ಪಿಡುಗಿನ ಕಳೆಯೆಂದು ಸಾರಿತು. 1984ರಲ್ಲಿ ಅದನ್ನು ತಿನ್ನಲೆಂದೇ ಮೆಕ್ಸಿಕೊದ ಜೀರುಂಡೆಯನ್ನು ತಂದು ಬೆಂಗಳೂರಿನ ಸುತ್ತ ಬಿಟ್ಟರು. ಜೀರುಂಡೆ ಮಳೆಗಾಲದಲ್ಲಿ ದುಡಿಯುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಎದ್ದ ಬಡಾವಣೆಗಳ ಖಾಲಿ ಸೈಟುಗಳೋ ಹನ್ನೆರಡು ತಿಂಗಳೂ ದುಡಿಯುತ್ತವೆ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಚರ್ಮಕ್ಕೆ ಕೆಟ್ಟ ಅಲರ್ಜಿ ತರುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆಕ್ಷೇಪ: ಗಾಳಿಯಲ್ಲಿ ಬರುವ ಈ ಅಲರ್ಜಿ ಹಿಡಿಯುವುದು ಹೆಚ್ಚಾಗಿ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳನ್ನು. ಅಂಗಿ, ಬನಿಯನ್ ಎರಡನ್ನೂ ದಾಟಿ ಎಡಬೆನ್ನಿನ ಒಂದೇ ತುಂಡನ್ನು ಅದು ಆರಿಸಿಕೊಂಡದ್ದು ಹೇಗೆ? ಮೇಷ್ಟ್ರು ಇದಕ್ಕೆ ಉತ್ತರಿಸಲಿಲ್ಲ. ತಮ್ಮ ಕಾಂಪೌಂಡಿನ ಆಚೆಯ ಸೈಟಿನ ಯಜಮಾನ ಗಿಡ ಕೀಳಿಸುತ್ತಿಲ್ಲ ಎಂಬುದನ್ನೇ ಮತ್ತೊಮ್ಮೆ ಹೇಳಿದರು.

ಮೂರನೆಯದು ನೀರಿನ ಪಂಥ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆ, ಜನರ ಬಾಯಲ್ಲಿ ಎಚ್.ಎನ್. ವ್ಯಾಲಿ, ಎರಡು ಹಂತ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರನ್ನು ಈ ಭಾಗದ ಕೆರೆಗಳಿಗೆ ತುಂಬಿಸುತ್ತದೆ. ಮೂರನೆಯ ಹಂತವೂ ಬೇಕೆಂದು ರೈತರು ಕೇಳುತ್ತಲೇ ಇದ್ದಾರೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಮೈಗೆಲ್ಲ ಹೊಯ್ದುಕೊಂಡ ನೀರು ಬಲಬೆನ್ನನ್ನು ಬಿಟ್ಟು ಎಡಬೆನ್ನನ್ನು ಮಾತ್ರ ಸುಡಲಾರದು. ಈ ಬೆನ್ನನ್ನು ಆ ಹೋರಾಟಕ್ಕೆ ಸಾಕ್ಷಿಯಾಗಿ ಕರೆಯುವಂತಿಲ್ಲ. ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧಿ, ವಿಜಯಪುರದಲ್ಲಿ ರೇಷ್ಮೆ ಗೂಡು ಬೇಯಿಸುವ ಬಿಸಿನೀರು ಇವನ್ನು ದೂರುವ ಉಪಪಂಥಗಳೂ ಉಂಟು. ಗೃಹಸ್ಥರಿಗೆ ತೋಟವೂ ಇಲ್ಲ, ಗೂಡೂ ಇಲ್ಲ.

ನಾಲ್ಕನೆಯದು ಸೈಟು ಪಂಥ. ಬಲ ಅಂಗೈ ನವೆಯಾದರೆ ದುಡ್ಡು ಬರುತ್ತದೆಂಬ ಹಳೆಯ ಪ್ರಮಾಣವನ್ನು ಇದು ಬೆನ್ನಿಗೂ ವಿಸ್ತರಿಸುತ್ತದೆ. “ಏನಣ್ಣ, ಜಮೀನೇನಾದ್ರೂ ಮಾತಾಯ್ತಾ?” ಎಂದು ಕೇಳಿದ ದಲ್ಲಾಳಿ, ಇಲ್ಲವೆಂದು ತಿಳಿದ ಕೂಡಲೇ ಶಾಸ್ತ್ರದಲ್ಲಿ ಆಸಕ್ತಿ ಕಳೆದುಕೊಂಡರು.

ಐದನೆಯದು ಟ್ಯೂಬ್ ಪಂಥ. ಇದರ ಪೀಠ ಔಷಧಿ ಅಂಗಡಿಯ ಕೌಂಟರ್. ಉಳಿದ ಪಂಥಗಳು ಕಾರಣ ಹೇಳಿ ಔಷಧ ಕೊಟ್ಟರೆ ಇದು ಔಷಧ ಕೊಟ್ಟು ಕಾರಣ ಹೇಳುತ್ತದೆ: “ಅಲರ್ಜಿ ಸಾರ್.” ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಎಲ್ಲವನ್ನೂ ಒಂದೇ ಟ್ಯೂಬಿಗೆ ತುಂಬಿದ ಈ ಮುಲಾಮು ಸರ್ವಧರ್ಮ ಸಮನ್ವಯದ ಕೃತಿ, ಏನೇ ಇದ್ದರೂ ಒಂದಾದರೂ ತಾಗೀತು ಎಂಬ ನಂಬಿಕೆ. ಹುಳುಕಡ್ಡಿಗೆ ಸ್ಟೀರಾಯ್ಡ್ ಹಚ್ಚಿದರೆ ಕೆಂಪು ಇಳಿದು, ನವೆ ಅಡಗಿ, ಶಿಲೀಂಧ್ರ ಮಾತ್ರ ಗುರುತು ಸಿಗದ ವೇಷದಲ್ಲಿ ಹಬ್ಬುತ್ತದೆ. ಈ ವೇಷಕ್ಕೆ ವೈದ್ಯರು 1968ರಲ್ಲೇ ಹೆಸರಿಟ್ಟರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಬಿಗಿ ಮಾಡಿತು. ಆದರೂ ಪಂಥಕ್ಕೆ ಅನುಯಾಯಿಗಳು ಕಡಿಮೆಯಾಗಿಲ್ಲ.

ಆರನೆಯದು ನಾಗ ಪಂಥ. ನೆರೆಯ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಘಾಟಿ ಸುಬ್ರಹ್ಮಣ್ಯ ಇರುವಾಗ ಈ ಪಂಥ ದುರ್ಬಲವಾಗಿರಲು ಕಾರಣವಿಲ್ಲ. ಒಂದು ಬೆಳಗ್ಗೆ ಉರಿಯ ಜಾಗದಲ್ಲಿ ನೀರುಗುಳ್ಳೆಗಳ ಸಾಲು ಎದ್ದು ಬೆನ್ನಿನಿಂದ ಪಕ್ಕೆಯ ಕಡೆಗೆ ಹೊರಟಿತು. ಹಿರಿಯ ಹೆಂಗಸೊಬ್ಬರು ಅಂಗಿ ಎತ್ತಿ ನೋಡಿ, “ಸರ್ಪಸುತ್ತು ಕಣಪ್ಪ. ತಲೆ ಬಾಲ ಕೂಡೋಕ್ ಮುಂಚೆ ಕೆಮ್ಮಣ್ಣಲ್ಲಿ ಬರೆಸ್ಬುಡು” ಅಂದರು. ವಿಮರ್ಶಕ ಇಲ್ಲಿ ನ್ಯಾಯವಾಗಿ ಒಪ್ಪಬೇಕು: ಆರು ಪಂಥಗಳಲ್ಲಿ ರೋಗದ ಹೆಸರನ್ನು ಸರಿಯಾಗಿ ಹೇಳಿದ್ದು ಇದೊಂದೇ. ಏಕೆಂದರೆ ಅಂಗಿ ಎತ್ತಿ ನೋಡಿದ್ದೂ ಇದೊಂದೇ. ಕೆಮ್ಮಣ್ಣಿನ ಕೀರ್ತಿಗೂ ಕಾರಣವಿದೆ. ಈ ಗುಳ್ಳೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ತಾವಾಗಿಯೇ ಒಣಗುತ್ತವೆ. ಬರೆಸಿದವರಿಗೆ ಬರೆದದ್ದರಿಂದ ವಾಸಿಯಾಯಿತು ಅನ್ನಿಸುತ್ತದೆ.

ಸಿದ್ಧಾಂತ

ಗೃಹಸ್ಥರು ಕೊನೆಗೂ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದರು. ವೈದ್ಯೆ ಕೇಳಿದ್ದು ಮೂರೇ ಪ್ರಶ್ನೆ. “ಎಲ್ಲಿ?” “ಗುಳ್ಳೆ ಎದ್ದದ್ದು ಯಾವಾಗ?” “ಚಿಕ್ಕವರಿದ್ದಾಗ ಅಮ್ಮ ಆಗಿತ್ತಾ?”

ಇಷ್ಟೂ ಪೂರ್ವಪಕ್ಷಗಳ ದೋಷ ಇಲ್ಲಿ ಬಯಲಾಗುತ್ತದೆ. ಊರೆಲ್ಲ ಕೇಳಿದ್ದು ‘ಯಾಕೆ’ ಎಂದು. ಯಾಕೆ ಎಂದು ಕೇಳಿಕೊಂಡವರಿಗೆ ಅವರವರ ಮನಸ್ಸಿನಲ್ಲಿ ಮೊದಲೇ ಇದ್ದದ್ದು ಸಿಕ್ಕಿತು: ತಾಯಿಗೆ ಮಾತು ಕೇಳದ ಮಗ, ಮೇಷ್ಟ್ರಿಗೆ ಪಕ್ಕದ ಸೈಟು, ರೈತನಿಗೆ ಕೆರೆ, ದಲ್ಲಾಳಿಗೆ ಎಕರೆ. ಬೆನ್ನು ಯಾರಿಗೂ ಸಿಗಲಿಲ್ಲ. ಎಲ್ಲಿ, ಯಾವಾಗಿನಿಂದ ಎಂದು ಕೇಳಿದರೆ ಬೆನ್ನಿನ ಹೊರತು ಬೇರೇನೂ ಉತ್ತರ ಕೊಡಲಾರದು.

ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಾಣು ಪೂರ್ತಿ ಹೋಗಿರುವುದಿಲ್ಲ; ನರಗಳ ಬುಡದಲ್ಲಿ ಅಡಗಿ ಕೂತಿರುತ್ತದೆ. ದಶಕಗಳ ಮೇಲೆ ಎದ್ದು, ಒಂದು ನರದ ಹಾದಿ ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಒಂದೇ ಪಕ್ಕ, ಒಂದೇ ಪಟ್ಟಿ. ಅದಕ್ಕೇ ಗುಳ್ಳೆಗೆ ಕೆಲವು ದಿನ ಮುಂಚೆಯೇ ಉರಿ. ನರ ಮೈಯ ನಡುಗೆರೆ ದಾಟದಿರುವುದರಿಂದ ತಲೆ ಬಾಲ ಕೂಡುವ ಭಯವೂ ಇಲ್ಲ. ಇದನ್ನು 1965ರಲ್ಲಿ ಮಂಡಿಸಿದವರು ದೊಡ್ಡ ಪ್ರಯೋಗಶಾಲೆಯವರಲ್ಲ, ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯ ಹೋಪ್-ಸಿಂಪ್ಸನ್. 16 ವರ್ಷ ತಮ್ಮ ರೋಗಿಗಳ 192 ಸರ್ಪಸುತ್ತುಗಳ ಲೆಕ್ಕ ಇಟ್ಟಿದ್ದರು; ಯಾರಿಗೆ, ಎಲ್ಲಿ, ಯಾವಾಗ ಎಂದು.

ವೈರಾಣುವಿನ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ. ಗುಳ್ಳೆ ಮಾಗಿದ ಮೇಲೂ ನರದ ಉರಿ ತಿಂಗಳುಗಟ್ಟಲೆ ಉಳಿಯುವುದುಂಟು, ವಯಸ್ಸಾದವರಲ್ಲಿ ಹೆಚ್ಚು. ಆರು ಪಂಥಗಳ ವಾದ ಮುಗಿಯಲು ಎಷ್ಟು ಗಂಟೆ ಬೇಕೆಂಬುದು ಓದುಗರ ಊಹೆಗೆ ಬಿಟ್ಟದ್ದು.

ಫಲಶ್ರುತಿ

ಈ ಮೀಮಾಂಸೆಯನ್ನು ಭಕ್ತಿಯಿಂದ ಓದಿದವರಿಗೆ ನವೆ ಹೋಗುವುದಿಲ್ಲ. ರಾತ್ರಿಯಾದರೆ ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಿದ್ದರೆ ಕಜ್ಜಿಯ ನುಸಿಯನ್ನು ಶಂಕಿಸತಕ್ಕದ್ದು. ಇಟಲಿಯ ಬೊನೊಮೊ 1687ರಲ್ಲೇ ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿಟ್ಟಿದ್ದಾನೆ. ಒಬ್ಬರಿಗಲ್ಲ, ಮನೆಗೆಲ್ಲ ಒಟ್ಟಿಗೆ ಔಷಧ. ಉಂಗುರದಾಕಾರದ ಹುಳುಕಡ್ಡಿಗೆ ಕೌಂಟರಿನ ಟ್ಯೂಬ್ ವರ್ಜ್ಯ. ಒಂದೇ ಪಕ್ಕ ಪಟ್ಟಿಯಾಗಿ ಉರಿದರೆ ಅಂಗಿ ಎತ್ತಿ ನೋಡಿಸಿಕೊಳ್ಳುವುದು; ಕಣ್ಣಿನ ಹತ್ತಿರ ಗುಳ್ಳೆ ಎದ್ದರೆ ಅದೇ ದಿನ ಆಸ್ಪತ್ರೆ. ಗಂಧೆಯ ಜತೆ ತುಟಿ ಊದಿ ಉಸಿರು ಕಟ್ಟಿದರೆ ದೊಡ್ಡಪತ್ರೆ ಹುಡುಕದೆ 108ಕ್ಕೆ ಫೋನು. ಘಾಟಿಗೆ ಹರಕೆಯಿದ್ದರೆ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಹೋಗಿ ಬರಲು ಅಡ್ಡಿಯಿಲ್ಲ.

ಪರಿಶಿಷ್ಟ

ವೈದ್ಯೆಯ ತೀರ್ಮಾನದಿಂದ ವಾದ ಮುಗಿಯಿತೆಂದು ಭಾವಿಸಿದವರು ದೇವನಹಳ್ಳಿಯನ್ನು ಅರಿಯರು. ಅಷ್ಟು ವರ್ಷ ಮಲಗಿದ್ದ ವೈರಾಣು ಈಗಲೇ ಎದ್ದದ್ದು ಯಾಕೆ? ವಯಸ್ಸಾದಂತೆ ಮೈಯ ಕಾವಲು ಸಡಿಲಾಗುತ್ತದೆ ಎಂದಷ್ಟೇ ವೈದ್ಯಶಾಸ್ತ್ರ ಹೇಳುತ್ತದೆ. ಈ ದಿನವೇ ಯಾಕೆ ಎಂಬುದಕ್ಕೆ ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಆ ಸಂದಿಯೊಳಗೆ ಬದನೆಕಾಯಿ, ಕಾಂಗ್ರೆಸ್ ಗಿಡ, ಕೆರೆ ನೀರು ಮೂರೂ ಮರಳಿ ಪ್ರವೇಶಿಸಿವೆ, ಜಗಲಿಯ ಮೇಲೆ ಎರಡನೆಯ ಸುತ್ತಿನ ಪೂರ್ವಪಕ್ಷ ಶುರುವಾಗಿದೆ. ಗೃಹಸ್ಥರು ಮಾತ್ರ ಸಭೆಗೆ ಬರುತ್ತಿಲ್ಲ. ಮಾತ್ರೆ ದಿನಕ್ಕೆ ಐದು ಸಲ, ಪುರಸೊತ್ತಿಲ್ಲವಂತೆ.