ಬರಲಿರುವವರಿಗೆ ಹೊಂದುವಂತೆ ಬಂದವಳ ಹೆಸರು: ಒಂದು ಶಾಸ್ತ್ರೀಯ ಜಿಜ್ಞಾಸೆ

ಹೆಣ್ಣುಕೂಸಿಗೆ ಹೆಸರಿಡುವುದು ಸಂಪ್ರದಾಯ. ಅದರ ಬೆನ್ನಿಗೆ ಬರಬಹುದಾದ, ಬಾರದೆಯೂ ಇರಬಹುದಾದ ತಮ್ಮ-ತಂಗಿಯರ ಹೆಸರಿಗೆ ಹೊಂದುವಂತೆ ಹೆಸರಿಡುವುದು ಶಾಸ್ತ್ರ. ಅಜ್ಜಿಯರು, ಸೋದರತ್ತೆಯರು, ಎದುರುಮನೆಯವರು ತಲೆಮಾರುಗಳಿಂದ ಬಾಯಿಮಾತಿನಲ್ಲೇ ಬೆಳೆಸಿಕೊಂಡು ಬಂದ ಈ ಶಾಸ್ತ್ರಕ್ಕೆ ಲಕ್ಷಣಗ್ರಂಥವೊಂದಿಲ್ಲ. ಆ ಕೊರತೆಯನ್ನು ನೀಗಲು ಹೊರಟ ಈ ಪ್ರಬಂಧಕ್ಕೆ ‘ಭಾವಿಸೋದರನಾಮಾನ್ವಯ ಮೀಮಾಂಸೆ’ ಎಂದು ಹೆಸರಿಡಲಾಗಿತ್ತು. ಮುಂದೆ ಇದಕ್ಕೊಂದು ತಂಗಿ ಪ್ರಬಂಧ ಹುಟ್ಟಿದರೆ ಪ್ರಾಸ ಸಿಗಲಿಕ್ಕಿಲ್ಲವೆಂದು ಹಿರಿಯರು ಆಕ್ಷೇಪಿಸಿದ್ದರಿಂದ ಕೈಬಿಡಲಾಯಿತು.

ಮೊದಲಿಗೆ ಪರಿಭಾಷೆ. ತೊಟ್ಟಿಲಲ್ಲಿ ಮಲಗಿರುವವಳು ‘ಬಂದವಳು’. ಇನ್ನೂ ಇಲ್ಲದವರು ‘ಬರಲಿರುವವರು’. ಬಂದವಳ ತೂಕ, ನಕ್ಷತ್ರ, ಮೂಗು ಯಾರ ಕಡೆಯದೆಂಬ ವಿವಾದ, ಎಲ್ಲವೂ ಸಂಶೋಧಕನಿಗೆ ಲಭ್ಯ. ಬರಲಿರುವವರ ವಿಷಯದಲ್ಲಿ ಆಕರಗಳು ತೀರಾ ಕಡಿಮೆ. ಹುಟ್ಟುವ ಮೊದಲೇ ಗಂಡೋ ಹೆಣ್ಣೋ ಎಂದು ಪತ್ತೆ ಮಾಡಿಸುವುದನ್ನು 1994ರ ಕಾಯ್ದೆ ಅಪರಾಧವೆಂದು ಸಾರಿದೆ. ಹೋಗಲಿ, ಎಷ್ಟು ಜನ ಬರಬಹುದೆಂದಾದರೂ ತಿಳಿದೀತೆ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಬಂದವಳನ್ನು ಕಳೆದರೆ ಉಳಿದದ್ದು 0.7. ಅಂದರೆ ಎರಡು ಮನೆಯವರು ಸೇರಿ ವಾಟ್ಸಾಪ್ ಗುಂಪು ಕಟ್ಟಿಕೊಂಡು ತಲೆ ಕೆಡಿಸಿಕೊಂಡಿರುವುದು ಮುಕ್ಕಾಲು ಪಾಲೂ ಇಲ್ಲದ ಒಂದು ಮಗುವಿನ ಸಲುವಾಗಿ.

ಗಂಡಿನ ಹೆಸರಿನಲ್ಲಿ ಅಕ್ಷರಗಳು ಸಮಸಂಖ್ಯೆಯಲ್ಲಿರಬೇಕು, ಹೆಣ್ಣಿನ ಹೆಸರಿನಲ್ಲಿ ಬೆಸಸಂಖ್ಯೆಯಲ್ಲಿರಬೇಕು ಎಂಬುದು ಆಶ್ವಲಾಯನ ಗೃಹ್ಯಸೂತ್ರದ ವಿಧಿ. ಮೂರಕ್ಷರವನ್ನು 0.7ರಿಂದ ಗುಣಿಸಿದರೆ 2.1 ಅಕ್ಷರ ಬರುತ್ತದೆ. ಅದು ಸಮವೂ ಅಲ್ಲ, ಬೆಸವೂ ಅಲ್ಲ. ದಶಾಂಶದ ವಿಷಯದಲ್ಲಿ ಸೂತ್ರಕಾರರು ಮೌನ ತಾಳಿದ್ದಾರೆ.

ಜ್ಯೋತಿಷ್ಯದ ಕಡೆಗೆ ತಿರುಗೋಣ. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಪಾದ, ಪಾದಕ್ಕೊಂದು ಅಕ್ಷರ. ಕೃತ್ತಿಕೆಯ ಮೊದಲ ಪಾದದಲ್ಲಿ ಹುಟ್ಟಿದವಳಿಗೆ ‘ಅ’ ಸಿಗುತ್ತದೆ; ಅನಘಾ, ಅನನ್ಯ, ಅಮೂಲ್ಯ ಎಂದು ಆರಿಸಿಕೊಳ್ಳಬಹುದು. ಅವಳ ಬೆನ್ನಿಗೆ ಬಂದ ಕೂಸು ಆರ್ದ್ರೆಯ ಮೂರನೇ ಪಾದದಲ್ಲಿ ಕಣ್ಣು ಬಿಟ್ಟಿತೆನ್ನಿ, ಪಂಚಾಂಗ ಅದರ ಪಾಲಿಗೆ ಬರೆದಿಟ್ಟ ಅಕ್ಷರ ‘ಙ’. ಹಸ್ತದ ಮೂರನೇ ಪಾದವಾದರೆ ‘ಣ’, ಉತ್ತರಾಭಾದ್ರೆಯ ನಾಲ್ಕನೆಯದಾದರೆ ‘ಞ’. ವರ್ಣಮಾಲೆ ಕಲಿತ ಮೇಲೆ ಇವುಗಳಿಂದ ಶುರುವಾಗುವ ಒಂದು ಪದವನ್ನೂ ಬರೆಯದೆ ಬಾಳಿದವರು ನಾವು. ಇನ್ನು ಹೆಸರೆಲ್ಲಿಂದ ತರೋಣ? ಪುರೋಹಿತರು ಕಂಡುಕೊಂಡ ದಾರಿ ಸರಳ: ಜಾತಕಕ್ಕೊಂದು ಹೆಸರು, ಕರೆಯುವುದಕ್ಕೊಂದು.

ಈಗ ನಮ್ಮ ಶಾಸ್ತ್ರದ ಹೃದಯಭಾಗವಾದ ಪ್ರಾಸವಿಚಾರ. ಹತ್ತನೇ ಶತಮಾನದ ನಾಗವರ್ಮ ತನ್ನ ‘ಛಂದೋಂಬುಧಿ’ಯಲ್ಲಿ ಆರು ಪ್ರಾಸಗಳನ್ನು ಹೇಳಿದ್ದು ಕಾವ್ಯಕ್ಕೆಂದು ಪಂಡಿತರು ನಂಬಿದ್ದಾರೆ. ಅದು ನಾಮಕರಣಕ್ಕೆಂದೇ ಹೇಳಿದ್ದು ಎಂಬುದು ಪ್ರಸ್ತುತ ಪ್ರಬಂಧಕಾರರ ವಾದ. ಒಂದೇ ಆಗಿ ಬರುವ ಎರಡನೇ ಅಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ: ರಮಾ, ಉಮಾ, ಸುಮಾ. ದೀರ್ಘವಿದ್ದರೆ ಗಜಪ್ರಾಸ: ಗೀತಾ, ಸೀತಾ, ನೀತಾ. ಸೊನ್ನೆ ಬಂದರೆ ವೃಷಭ: ಗಂಗಾ, ತುಂಗಾ. ಒತ್ತಕ್ಷರ ಸಜಾತಿಯದಾದರೆ ಹಯ. ಪುಟ್ಟಿ-ಕಿಟ್ಟಿ ಎಂಬ ಅಕ್ಕ-ತಮ್ಮಂದಿರು ಇದಕ್ಕೆ ಉದಾಹರಣೆ. ವಿಜಾತಿಯದಾದರೆ ಶರಭ: ಭವ್ಯ, ದಿವ್ಯ, ನವ್ಯ. ನಾಡಿನ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆದರೂ ಶರಭದ್ದೇ ಮೇಲುಗೈ. ವಿಸರ್ಗ ಬರುವ ಅಜಪ್ರಾಸದಲ್ಲಿ ಥಟ್ಟನೆ ನೆನಪಾಗುವುದು ‘ದುಃಖ’ ಒಂದೇ. ಮೂರನೆಯದೂ ಹೆಣ್ಣಾದಾಗ ಕೆಲವು ಮನೆಗಳಲ್ಲಿ ಈ ಪ್ರಾಸವನ್ನು ಹೆಸರಿಗೆ ಬಳಸದೆ ಮುಖಭಾವಕ್ಕೆ ಮಾತ್ರ ಬಳಸುವುದುಂಟು.

ಶರಭಪ್ರಾಸದ ದೋಷವೆಂದರೆ ಭಂಡಾರ ಬೇಗ ಬರಿದಾಗುತ್ತದೆ. ಕಾವ್ಯಳನ್ನು ತರೋಣವೆಂದರೆ ‘ಕಾ’ ದೀರ್ಘವಾಯಿತೆಂದು ಲಾಕ್ಷಣಿಕರು ಹುಬ್ಬೇರಿಸುತ್ತಾರೆ. ಉಳಿದದ್ದು ಹವ್ಯ, ಗವ್ಯ, ದ್ರವ್ಯ. ಸಂವಹನದ ತೊಡಕು ಬೇರೆ. ಒಗ್ಗರಣೆ ಸೌಟು ಹಿಡಿದ ತಾಯಿ ಒಲೆಯ ಮುಂದಿನಿಂದ ಕೂಗುತ್ತಾಳೆ: “ಭವ್ಯಾ... ದಿವ್ಯಾ... ಅಲ್ಲ ಕಣೇ, ನವ್ಯಾ! ಅಯ್ಯೋ, ಯಾವಳಾದರೂ ಒಬ್ಬಳು ಬನ್ರೇ, ಸಾಸಿವೆ ಸೀದುಹೋಯ್ತು, ಕರಿಬೇವು ಕಿತ್ಕೊಂಡು ಬನ್ನಿ!” ಯಾರೂ ಏಳುವುದಿಲ್ಲ. ಕರೆದದ್ದು ತನ್ನನ್ನಲ್ಲ ಎಂದು ಮೂವರೂ ಪ್ರಾಮಾಣಿಕವಾಗಿ ಸಾಧಿಸಬಲ್ಲರು.

ದ್ವಿತೀಯಾಕ್ಷರ ಪ್ರಾಸದ ಹಂಗನ್ನು ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ತೊರೆದರು. ಕಾವ್ಯ ಅವರ ಹಿಂದೆ ಹೋಯಿತು, ತೊಟ್ಟಿಲು ಹೋಗಲಿಲ್ಲ. ಅಪವಾದಗಳು ಇಲ್ಲವೆಂದಲ್ಲ. ಕುವೆಂಪು ಅವರ ಮಕ್ಕಳು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಛಂದಸ್ಸನ್ನು ಅರೆದು ಕುಡಿದ ಮಹಾಕವಿಯೇ ಮನೆಯೊಳಗೆ ಪ್ರಾಸ ಹಿಡಿಯಲಿಲ್ಲ. ಮೊದಲು ಹುಣ್ಣಿಮೆ ಬಂತು, ಆಮೇಲೆ ಕಲೆ ಬಂತು. ಕ್ರಮ ತಪ್ಪಿತೆಂದು ಆಕಾಶ ತಕರಾರು ತೆಗೆಯಲಿಲ್ಲ.

ನದೀವಾದಿಗಳದು ಇನ್ನೊಂದು ಪಂಥ. ತುಂಗಾ, ಭದ್ರಾ ಇಬ್ಬರೂ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡಲಿಯಲ್ಲಿ ಒಂದಾಗಿ ಮುಂದೆ ಜಂಟಿ ಹೆಸರಿನಲ್ಲಿ ಸಾಗುತ್ತಾರೆ. ಅಕ್ಕ-ತಂಗಿಯರೆಂದರೆ ಹೀಗಿರಬೇಕು ಎಂದು ಈ ಪಂಥದವರು ಕಣ್ಣೊರೆಸಿಕೊಳ್ಳುತ್ತಾರೆ. ಅದೇ ಬೆಟ್ಟಸಾಲಿನ ನೇತ್ರಾವತಿ ಮಾತ್ರ ಹಿಂದಿರುಗಿ ನೋಡದೆ ಪಡುವಣಕ್ಕಿಳಿದು ಮಂಗಳೂರಿನಲ್ಲಿ ಸಮುದ್ರ ಸೇರಿದ್ದನ್ನು ಅವರು ಪ್ರಸ್ತಾಪಿಸುವುದಿಲ್ಲ. ನದಿ, ನಕ್ಷತ್ರ, ಮರಗಳ ಹೆಸರಿನ ಕನ್ಯೆಯನ್ನು ವರಿಸಬಾರದೆಂದು ಮನುಸ್ಮೃತಿ ಅಪ್ಪಣೆ ಕೊಡಿಸಿದೆ. ಆದರೂ ಈ ನಾಡಿನ ಕಾವೇರಿ, ರೋಹಿಣಿ, ರೇವತಿ, ತುಳಸಿಯರು ಲಗ್ನಪತ್ರಿಕೆ ಹಂಚಿ, ಮದುವೆಯಾಗಿ, ಮೊಮ್ಮಕ್ಕಳನ್ನೂ ಆಡಿಸಿದ್ದಾರೆ. ಸ್ಮೃತಿಕಾರರಿಗೆ ಪತ್ರಿಕೆ ತಲುಪಿದಂತಿಲ್ಲ.

ನಮ್ಮ ಪೂರ್ವಿಕರಿಗೆ ಈ ಪೇಚಾಟವಿರಲಿಲ್ಲ. ಮೊದಲನೆಯವಳು ದೊಡ್ಡತಾಯಮ್ಮ, ಎರಡನೆಯವಳು ಚಿಕ್ಕತಾಯಮ್ಮ, ಮೂರನೆಯವಳು ಪುಟ್ಟತಾಯಮ್ಮ. ಇದರಲ್ಲಿರುವ ದೂರದೃಷ್ಟಿಯನ್ನು ಗಮನಿಸಬೇಕು: ಮೊದಲ ಕೂಸಿಗೆ ‘ದೊಡ್ಡ’ ಎನ್ನುವಾಗಲೇ ಚಿಕ್ಕವಳಿಗೆ ಜಾಗ ಕಾದಿರಿಸಿದಂತಾಯಿತು. ಇಂದಿನವರ ಅನನ್ಯಳಲ್ಲಿ ಆ ಎಚ್ಚರವಿಲ್ಲ. ಬೇರೊಬ್ಬರಿಲ್ಲವೆಂದು ಊರಿಗೆಲ್ಲ ಸಾರಿ, ಎರಡು ವರ್ಷಕ್ಕೆ ಬೇರೊಬ್ಬಳನ್ನು ತಂದು ಪಕ್ಕದಲ್ಲಿ ಮಲಗಿಸುತ್ತಾರೆ.

ಸಂಶೋಧಕರೆಲ್ಲ ಕಾಲಿಗೆ ಸಿಕ್ಕದಂತೆ ದಾಟಿಹೋಗುವ ಸಾಕ್ಷ್ಯವೊಂದು ಉಳಿದಿದೆ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದ ಮನೆಗಳಲ್ಲಿ ಕೊನೆಯವಳಿಗೆ ಇಡುತ್ತಿದ್ದ ಹೆಸರು ಸಾಕಮ್ಮ. ಧಾರವಾಡದ ಕಡೆ ಸಾಕವ್ವ. ಭಾವಿ ಒಡಹುಟ್ಟನ್ನು ಗಮನದಲ್ಲಿಟ್ಟು ಹೆಣ್ಣಿಗೆ ಹೆಸರಿಡುವ ಶಾಸ್ತ್ರಕ್ಕೆ ಇದಕ್ಕಿಂತ ಶುದ್ಧ ಪ್ರಯೋಗ ಸಿಗದು. ಅರ್ಜಿ ದೇವರಿಗೆ, ಬೇಡಿಕೆ ತಮ್ಮನಿಗಾಗಿ, ಕಾಗದ ಮಾತ್ರ ಈ ಕೂಸು. ಆ ಅರ್ಜಿಯನ್ನು ಜೀವಮಾನವಿಡೀ ಅವಳು ಹೊತ್ತು ತಿರುಗಬೇಕು. ಶಾಲೆಯಲ್ಲಿ ಹಾಜರಿ ಕರೆದಾಗ ‘ಬಂದೆ’ ಅನ್ನಬೇಕು. ಈ ಬಗೆಯ ಹೆಸರು ಗಂಡುಮಕ್ಕಳಿಗೆ ಯಾಕೆ ಕಾಣಸಿಗುವುದಿಲ್ಲವೆಂದು ಯಾವ ಭಾಷ್ಯಕಾರನೂ ವಿವರಿಸಿಲ್ಲ. ಕಾರಣವೇನೇ ಇರಲಿ, ಆ ಹೆಸರಿನವರು ಅಷ್ಟಕ್ಕೇ ಸಾಕೆಂದು ಕೂತವರಲ್ಲ. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿ ಮನೆಮಾತಾದ ‘ಕಾಫಿಪುಡಿ ಸಾಕಮ್ಮ’ನವರೇ ಇದ್ದರಲ್ಲ.

ಕ್ಷೇತ್ರಕಾರ್ಯಕ್ಕೆ ಹೊರಟವರು ಯಾವುದಾದರೂ ತೊಟ್ಟಿಲ ಕಾರ್ಯಕ್ರಮಕ್ಕೆ ಹೋಗಬೇಕು. ತಟ್ಟೆಯಲ್ಲಿ ಅಕ್ಕಿ ಹರಡಿ ಅಪ್ಪ ಉಂಗುರದಿಂದ ಹೆಸರು ಬರೆಯುತ್ತಾನೆ. ನಾಲ್ಕನೇ ಅಕ್ಷರದ ಒತ್ತು ತಟ್ಟೆಯ ಅಂಚಿಗೆ ತಾಗಿ ನಿಲ್ಲುತ್ತದೆ. ಉತ್ತರ ಕರ್ನಾಟಕದಲ್ಲಾದರೆ ಸೋದರತ್ತೆ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರುತ್ತಾಳೆ, ಸುತ್ತ ನಿಂತ ಹುಡುಗರು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಆ ಗದ್ದಲ ಅಡಗುತ್ತಲೇ ಮೂಲೆಯಿಂದ ಒಂದು ದನಿ ಏಳುತ್ತದೆ: “ಹೆಸರೇನೋ ಛಲೋ ಐತಿ ಬಿಡ್ರಿ. ಮುಂದಿಂದಕ್ಕ ಏನ್ ಇಡಾವ್ರು?” ಬಾಣಂತಿ ತಲೆಗೆ ಕಟ್ಟಿದ ಸ್ಕಾರ್ಫನ್ನು ಇನ್ನೂ ಬಿಚ್ಚಿರುವುದಿಲ್ಲ. ಅವಳು ಆ ಹೊತ್ತಿಗೆ ನೋಡುವ ನೋಟವೇ ಈ ಶಾಸ್ತ್ರದ ಏಕೈಕ ಖಂಡನಗ್ರಂಥ. ಅದನ್ನು ಇದುವರೆಗೆ ಯಾರೂ ಸಂಪಾದಿಸಿಲ್ಲ.

ಇನ್ನು ನಿರ್ಣಯ. ಜನನ ಮರಣ ನೋಂದಣಿಗೆ 1969ರ ಕಾಯ್ದೆಯಿದೆ. ಜನನವನ್ನು 21 ದಿನದೊಳಗೆ ತಿಳಿಸಬೇಕು. ಆದರೆ ಹೆಸರಿನ ಜಾಗವನ್ನು ಖಾಲಿ ಬಿಟ್ಟೂ ನೋಂದಾಯಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೆ ವಿಳಂಬ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಬರಲಿರುವವರು ಬಂದು ಮುಗಿದರೋ ಇಲ್ಲವೋ ಎಂದು ಖಾತ್ರಿಯಾಗುವವರೆಗೆ ಕಾಯಬೇಕೆನ್ನುವ ಶಾಸ್ತ್ರನಿಷ್ಠರಿಗೆ ಸರಕಾರವೇ ಧಾರಾಳವಾಗಿ ಗಡುವು ಕೊಟ್ಟಿದೆ. ಕಾಯುವುದಾದರೆ ಕಾಯಿರಿ. ಅಷ್ಟರಲ್ಲಿ ಬಂದವಳು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ತುಂಬುವಷ್ಟು ದೊಡ್ಡವಳಾಗಿರುತ್ತಾಳೆ. ಹೆಸರಿನ ಜಾಗದಲ್ಲಿ ಏನು ಬರೆಯಬೇಕೆಂದು ಅವಳನ್ನೇ ಕೇಳಿ.