ಶೀತಕಾಲೀನ ಬಾರ್ಬೆಲ್-ನಿರೀಕ್ಷಾ ಮೀಮಾಂಸೆ: ಒಂದು ಬಹುಶಿಸ್ತೀಯ ಪ್ರವೇಶಿಕೆ

ಇಂಗ್ಲೆಂಡಿನ ನದಿದಂಡೆಗಳಲ್ಲಿ ನವೆಂಬರಿನಿಂದ ಮಾರ್ಚ್ ನಡುವಿನವರೆಗೆ ಕಂಡುಬರುವ, ಮೇಲ್ನೋಟಕ್ಕೆ ಒಬ್ಬ ಮನುಷ್ಯ ಮಡಿಸುವ ಕುರ್ಚಿಯಲ್ಲಿ ಕೂತು ನಡುಗುತ್ತಿರುವಂತೆ ತೋರುವ ವಿದ್ಯಮಾನವನ್ನು ಅದರ ಸೈದ್ಧಾಂತಿಕ, ಜಲಶಾಸ್ತ್ರೀಯ ಹಾಗೂ ಮೀನಕೇಂದ್ರಿತ ನೆಲೆಗಳಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಆತ ನಿಜಕ್ಕೂ ಕುರ್ಚಿಯಲ್ಲಿ ಕೂತು ನಡುಗುತ್ತಿದ್ದಾನೆ ಎಂಬ ವಿವರಣೆಯನ್ನು ಪ್ರಬಂಧವು ಆರಂಭದಲ್ಲೇ ನಿರಾಕರಿಸುತ್ತದೆ. ಒಪ್ಪಿಕೊಂಡರೆ ಪ್ರಬಂಧ ಇಲ್ಲಿಗೇ ಮುಗಿಯುತ್ತದೆ, ಪ್ರಯಾಣಭತ್ಯೆಯೂ ಸಿಗುವುದಿಲ್ಲ.

1. ಪೂರ್ವಸೂರಿಗಳ ಸಂಕಥನ

ಡೇಮ್ ಜೂಲಿಯಾನಾ ಬರ್ನರ್ಸ್ ಹೆಸರಿಗೆ ಅಂಟಿಕೊಂಡಿರುವ, 1496ರಲ್ಲಿ ಅಚ್ಚಾದ ಗಾಳದ ಕೈಪಿಡಿ ಬಾರ್ಬೆಲ್ ಎಂಬ ನದಿಮೀನನ್ನು ತಿನ್ನುವುದು ಮೈಗೆ ಒಳ್ಳೆಯದಲ್ಲ ಎಂದು ಎಚ್ಚರಿಸಿತ್ತು. 1653ರಲ್ಲಿ ಐಸಾಕ್ ವಾಲ್ಟನ್ ತನ್ನ ಗಾಳದ ಪುಸ್ತಕದಲ್ಲಿ ಈ ನಾಲ್ಕು ಮೀಸೆಯ ಮೀನಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಅದರ ಮೊಟ್ಟೆಯ ತಂಟೆಗೆ ಹೋಗಬೇಡಿ ಎಂದ. ಅಂದರೆ, ತಿನ್ನಬಾರದ ಮೀನನ್ನು ಹಿಡಿಯುವುದು ಹೇಗೆಂದು ಇಂಗ್ಲೆಂಡಿನ ಗಾಳಗಾರರು ಐನೂರು ವರ್ಷಗಳಿಂದ ಬರೆಯುತ್ತಲೇ ಇದ್ದಾರೆ. ಹಿಡಿದ ಮೀನನ್ನು ಒದ್ದೆ ಮಾಡಿದ ಮೆತ್ತನೆಯ ಹಾಸಿನ ಮೇಲೆ ಮಲಗಿಸಿ, ಕೊಕ್ಕೆ ಬಿಡಿಸಿ, ತೂಗಿ, ಫೋಟೊ ತೆಗೆದು, ಆಮೇಲೆ ಹರಿವಿಗೆ ಮುಖ ಮಾಡಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡು, ಅದು ಸುಧಾರಿಸಿಕೊಂಡ ಮೇಲೆ ಬಿಡುತ್ತಾರೆ. ಇದನ್ನು ದಂಡದ ಕೆಲಸ ಎಂದರೆ ತಪ್ಪಾಗುತ್ತದೆ. 'ಭೋಗನಿರಪೇಕ್ಷ ಗ್ರಹಣ-ವಿಸರ್ಜನಾತ್ಮಕ ಚಿಂತನಕ್ರಮ' ಎನ್ನಬೇಕು.

2. ಜಲೋಷ್ಣತಾ-ಪ್ರೇರಿತ ಕ್ಷುಧಾಪುನರುತ್ಥಾನ ಸಿದ್ಧಾಂತ

ನೀರು ಬೆಚ್ಚಗಾದರೆ ಮೀನಿಗೆ ಹಸಿವಾಗುತ್ತದೆ. ಸಿದ್ಧಾಂತ ಇಷ್ಟೇ. ಆದರೆ ಟ್ರೆಂಟ್ ನದಿಯ ದಂಡೆಯಲ್ಲಿ ಮಹನೀಯರೊಬ್ಬರು ಇದನ್ನು ನನಗೆ ವಿವರಿಸುವಷ್ಟರಲ್ಲಿ ಕತ್ತಲಾಗಿತ್ತು. ಇಂಗ್ಲೆಂಡಿನ ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲಾಗುತ್ತದೆ, ನಿಜ. ಅವರು ಬೆಳಿಗ್ಗೆ ಶುರು ಮಾಡಿದ್ದರು. ಬಾರ್ಬೆಲ್ ತಣ್ಣನೆ ರಕ್ತದ ಪ್ರಾಣಿ. ಅದರ ಮೈಯೂ ನೀರಿನಷ್ಟೇ ತಣ್ಣಗಿರುತ್ತದೆ. ನೀರು 5–6 ಡಿಗ್ರಿಗಿಂತ ಕೆಳಗಿಳಿದರೆ ಅದು ಮಡುವಿನ ತಳದಲ್ಲಿ ಬಿದ್ದುಕೊಳ್ಳುತ್ತದೆ, ಬಾಯಿಗಿಟ್ಟರೂ ತಿನ್ನುವುದಿಲ್ಲ. ಹಿಮ ಕರಗಿ ನದಿಗೆ ಬಂದರಂತೂ ಗಾಳ ಸುತ್ತಿಕೊಂಡು ಮನೆಗೆ ಹೋಗಬೇಕು. ಅಟ್ಲಾಂಟಿಕ್ ಕಡೆಯಿಂದ ನೈಋತ್ಯದ ಗಾಳಿ ಬೀಸಿ, ಎರಡು ಮೂರು ದಿನ ಬೆಚ್ಚನೆಯ ಮಳೆ ಹೊಯ್ದು, ಹೊಳೆ ಏರಿ ಕೆಂಪಾಗಿ, ದಾರಕ್ಕೆ ಕಟ್ಟಿ ಇಳಿಬಿಟ್ಟ ಥರ್ಮಾಮೀಟರು ಎಂಟೊಂಬತ್ತು ಡಿಗ್ರಿ ತೋರಿಸಿದರೆ ಗಾಳಗಾರ ಆಫೀಸಿಗೆ ಜ್ವರ ಎಂದು ಫೋನು ಮಾಡುತ್ತಾನೆ. ಕಾರ್ತೀಕ ಸೋಮವಾರಕ್ಕೆ ಕಾಯುವ ಅಜ್ಜಿಯಂತೆ ವರ್ಷವಿಡೀ ಅವನು ಕಾಯುವುದು ಈ ಮಳೆಗೆ. ಓದುಗರು ಈ ಮಳೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

3. ಗಾಳಗಾರರ ವರ್ಗೀಕರಣ

(ಅ) ಸ್ಪರ್ಶವಾದಿಗಳು: ದಾರವನ್ನು ಬೆರಳುಗಳ ನಡುವೆ ಹಿಡಿದು, ನದಿಯ ತಳದ ಒಂದೊಂದು ಜಲ್ಲಿಕಲ್ಲನ್ನೂ ತಡವಿ ಅರಿಯುತ್ತೇನೆ ಎನ್ನುವವರು. ಬೆರಳು ಮರಗಟ್ಟಿದ ಮೇಲೂ ಹಾಗೆನ್ನುವವರು ಇವರ ಒಳಪಂಗಡ.

(ಆ) ಯಾಂತ್ರಿಕವಾದಿಗಳು: ಮೀನು ಎಳೆದರೆ ಕಿರುಚುವ ಪೆಟ್ಟಿಗೆಯನ್ನು ಕೋಲಿಗೆ ಜೋಡಿಸಿ ಗುಡಾರದೊಳಗೆ ನಿದ್ದೆಹೋಗುವವರು.

(ಇ) ಎರೆನಿಷ್ಠರು: ಹತ್ತೊಂಬತ್ತನೇ ಶತಮಾನದಲ್ಲಿ ನಾಟಿಂಗ್ಹ್ಯಾಮಿನವರು ಒಂದು ಮಡುವಿಗೆ ಸಾವಿರಗಟ್ಟಲೆ ಎರೆಹುಳು ಸುರಿಯುತ್ತಿದ್ದರು. ಈಗಿನವರು ಡಬ್ಬಿಯ ಹಂದಿಮಾಂಸ, ಮೀನೆಣ್ಣೆಯ ಉಂಡೆ, ಒಳಗೇನಿದೆ ಎಂದು ಹೆಂಡತಿಗೂ ಹೇಳದ ಮುದ್ದೆ ಬಳಸುತ್ತಾರೆ. (ಇಂಥವರಲ್ಲೇ ಕೆಲವರು ಬಾರ್ಬೆಲ್‌ನ ದೊಡ್ಡ ನೆಂಟನಾದ ಮಹಸೀರನ್ನು ಅರಸಿ ನಮ್ಮ ಕಾವೇರಿಗೆ, ಗಾಲಿಬೋರೆಗೆ ಬಂದು, ರಾಗಿಮುದ್ದೆಯನ್ನು ಕೊಕ್ಕೆಗೆ ಮೆತ್ತಲು ಕಲಿತರು. ಮುದ್ದೆ ತಿಂದು ಬೆಳೆದ ನಾನು ಇದನ್ನು ಕೇಳಿ ಬೀಗಿದ್ದುಂಟು.)

(ಈ) ಮೂಲನಿವಾಸಿವಾದಿಗಳು: ಹಿಮಯುಗದಲ್ಲಿ ಥೇಮ್ಸ್ ಮತ್ತು ರೈನ್ ಒಂದೇ ನದಿಜಾಲವಾಗಿದ್ದುದರಿಂದ ಪೂರ್ವಕ್ಕೆ ಹರಿಯುವ ನದಿಗಳ ಬಾರ್ಬೆಲ್ ಮಾತ್ರ ಮಣ್ಣಿನ ಮಗ, 1956ರಲ್ಲಿ ಕೆನೆಟ್ ನದಿಯಿಂದ ಹಿಡಿದು ತಂದು ಸೆವರ್ನ್ ನದಿಗೆ ಬಿಟ್ಟದ್ದರ ಸಂತತಿ ವಲಸಿಗ ಎನ್ನುವವರು. ಅನನ್ಯತೆಯ ಈ ಪ್ರಶ್ನೆಯ ಬಗ್ಗೆ ಮೀನುಗಳ ನಿಲುವು ಲಭ್ಯವಿಲ್ಲ.

(ಉ) ಹೋಗಲಿ ಬಿಡಿ. ಇನ್ನೂ ಏಳು ವರ್ಗ ಮಾಡಬಹುದು. ಎಲ್ಲರ ಮೂಗಿನಿಂದಲೂ ನೀರು ಸುರಿಯುತ್ತಿರುತ್ತದೆ.

4. 'ಬಿರುಮಳೆ ಹೆಚ್ಚುವರಿ ವಿಸರ್ಜನೆ' ಎಂಬ ಪರಿಕಲ್ಪನೆ

ಇದು ನಾನು ಕಟ್ಟಿದ ಪರಿಭಾಷೆಯಲ್ಲ. ಅಲ್ಲಿನ ನೀರಿನ ಕಂಪನಿಗಳ ವರದಿಗಳಲ್ಲಿ ಇರುವುದೇ ಹೀಗೆ. ಹಳೆಯ ಊರುಗಳಲ್ಲಿ ಮಳೆನೀರಿಗೂ ಪಾಯಿಖಾನೆ ನೀರಿಗೂ ಒಂದೇ ಕೊಳವೆ. ಜೋರು ಮಳೆಗೆ ಅದು ತುಂಬಿದರೆ ಮನೆಗಳೊಳಗೆ ಉಕ್ಕದಿರಲೆಂದು ಹೆಚ್ಚಾದದ್ದನ್ನು ನದಿಗೆ ಬಿಡಬಹುದು. ಅಪರೂಪಕ್ಕೆ, ಅಸಾಧಾರಣ ಮಳೆಗೆ ಎಂದು ಕೊಟ್ಟ ರಿಯಾಯಿತಿ ಇದು. 2023ರಲ್ಲಿ ಇಂಗ್ಲೆಂಡಿನಲ್ಲಿ ಆ ಅಪರೂಪ ಒಟ್ಟು ಸುಮಾರು 36 ಲಕ್ಷ ಗಂಟೆ ನಡೆಯಿತು. ವಾಲ್ಟನ್‌ನ ಪುಸ್ತಕ ಬಂದ ದಿನದಿಂದ ಇಂದಿನವರೆಗೆ ಅಷ್ಟು ಗಂಟೆಗಳೇ ಕಳೆದಿಲ್ಲ.

ಕೊಳವೆಗಳಿಗೆಲ್ಲ ಮಾಪಕ ಕೂರಿಸಿದ್ದಾರೆ, ಸುಳ್ಳಲ್ಲ. ಮಾಪಕ ಗಂಟೆ ಎಣಿಸುತ್ತದೆ. ಎಷ್ಟು ಹೇಲು ಹೋಯಿತು ಎಂದು ಅಳೆಯುವುದಿಲ್ಲ.

ಎರಡನೆಯ ಅಧ್ಯಾಯದ ಮಳೆಯನ್ನು ಈಗ ತೆಗೆದುಕೊಳ್ಳಿ. ನೈಋತ್ಯದ ಗಾಳಿ, ಬೆಚ್ಚನೆಯ ಮಳೆ, ಏರಿದ ಹೊಳೆ: ಬಾರ್ಬೆಲ್ ಹಸಿದು ಮೇಲೇಳುವ ದಿನವೂ ಕೊಳವೆ ಬಾಯಿ ತೆರೆಯುವ ದಿನವೂ ಒಂದೇ. ವಾರಗಟ್ಟಲೆ ಉಪವಾಸವಿದ್ದ ಮೀನು ನಾಲ್ಕು ಮೀಸೆ ಚಾಚಿಕೊಂಡು ತಳದ ಜಲ್ಲಿಯಲ್ಲಿ ಮೇವು ಹುಡುಕಲು ಹೊರಟ ಹೊತ್ತಿಗೇ ಊರಿನ ಕಕ್ಕಸು ಅದರ ಮೇಲೆ ಬಂದು ಬೀಳುತ್ತದೆ. ಥರ್ಮಾಮೀಟರು ಹಿಡಿದ ನನ್ನ ಮಹನೀಯರು ಮೊಣಕಾಲುದ್ದ ನೀರಿನಲ್ಲಿ ನಿಂತು ನೋಡುತ್ತಿದ್ದುದು ಇದನ್ನೇ. ದಿನವಿಡೀ ಕೊರೆದರೂ ಈ ಒಂದು ಸಂಗತಿಯನ್ನು ಅವರು ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದ್ದರು: ವಾಸನೆ ಬರುತ್ತಿದೆ ಅಲ್ಲವೇ, ಕೈ ತೊಳೆಯದೆ ಸ್ಯಾಂಡ್‌ವಿಚ್ ತಿನ್ನಬೇಡಿ. ಅವರ ಪಾಂಡಿತ್ಯವನ್ನು ಅಣಕಿಸುತ್ತ ಬಂದ ನನಗೆ ಅವರ ಮೇಲೆ ಈಗ ಸಿಟ್ಟಿಲ್ಲ. ಅವರ ಶಾಸ್ತ್ರದಿಂದ ಒಂದು ಮೀನೂ ಸತ್ತಿಲ್ಲ.

ಸಿಟ್ಟಿರುವುದು ಇನ್ನೊಂದು ಶಾಸ್ತ್ರದ ಮೇಲೆ. 1989ರಲ್ಲಿ ನೀರು ಸರಬರಾಜನ್ನೂ ಒಳಚರಂಡಿಯನ್ನೂ ಖಾಸಗಿಯವರಿಗೆ ಮಾರಿದರು. ಅಂದಿನಿಂದ ಷೇರುದಾರರಿಗೆ ಲಾಭಾಂಶ ಹಂಚಿಕೆಯಾಯಿತು, ಕಂಪನಿಗಳ ತಲೆಯ ಮೇಲೆ ಸಾಲ ಬೆಳೆಯಿತು, ಕೊಳವೆ ಮಾತ್ರ ಅದೇ. ಕೊಳವೆಯೊಂದೇ ಅಲ್ಲ: ವೈ ನದಿಯ ಕಣಿವೆಯಲ್ಲಿ ಸುಮಾರು ಎರಡು ಕೋಟಿ ಕೋಳಿಗಳಿವೆ. ಅವುಗಳ ಗೊಬ್ಬರದ ರಂಜಕ ಹೊಳೆಗಿಳಿದು ಬೇಸಗೆಯಲ್ಲಿ ನೀರು ಪಾಚಿಗಟ್ಟುತ್ತದೆ. ಇಂಗ್ಲೆಂಡಿನ ನದಿಗಳಲ್ಲಿ 'ಉತ್ತಮ ಪರಿಸರ ಸ್ಥಿತಿ' ಎಂಬ ದರ್ಜೆ ಪಡೆದವು ಶೇಕಡ 14 ಎಂದು 2020ರ ಸರ್ಕಾರಿ ಲೆಕ್ಕವೇ ಹೇಳಿತು. ರಾಸಾಯನಿಕ ದೃಷ್ಟಿಯಿಂದ ಉತ್ತಮವಾದ ನದಿ, ಅದೇ ಲೆಕ್ಕದಲ್ಲಿ, ಒಂದೂ ಇಲ್ಲ. ಪರಿಸರ ಸ್ಥಿತಿಯ ಲೆಕ್ಕದಲ್ಲಿ ಉಳಿದವುಗಳಲ್ಲಿ ಹೆಚ್ಚಿನವಕ್ಕೆ 'ಮಧ್ಯಮ' ಎಂಬ ಮರ್ಯಾದಸ್ಥ ಹೆಸರಿದೆ. ಸತ್ತ ನದಿಗೂ ಒಂದು ದರ್ಜೆ ಸಿಗುತ್ತದೆ.

ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಬಾರ್ಬೆಲ್‌ಗೆ ಗಾಳ ಹಾಕುವಂತಿಲ್ಲ. ಮೀನು ನೆಮ್ಮದಿಯಾಗಿ ಮೊಟ್ಟೆಯಿಡಲೆಂದು 1878ರಲ್ಲಿ ಶುರುವಾದ ಕಟ್ಟಳೆ ಇದು. ಮೇ–ಜೂನಿನಲ್ಲಿ ಹೆಣ್ಣು ಬಾರ್ಬೆಲ್ ತೆಳು ಹರಿವಿನ ಜಲ್ಲಿಗೆ ಬಂದು ಕಲ್ಲುಗಳ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ಸಂದಿಯಲ್ಲಿ ಕೆಸರು ಕೂತರೆ ಮೊಟ್ಟೆಗೆ ಉಸಿರಿಲ್ಲ. ಆ ಮೂರು ತಿಂಗಳು ಬಾರ್ಬೆಲ್‌ಗೆ ಗಾಳ ಹಾಕಿ ಸಿಕ್ಕಿಬಿದ್ದವನು ಕೋರ್ಟು ಹತ್ತಬೇಕಾಗುತ್ತದೆ. ಕೊಳವೆಗೆ ಆ ರಜೆಯಿಲ್ಲ. ಅದಕ್ಕೆ ಪರವಾನಗಿ ಇದೆ, ಮಾಪಕವಿದೆ, ವಾರ್ಷಿಕ ವರದಿಯಿದೆ.

5. ಕೊಕ್ಕೆಯ ಸೌಂದರ್ಯಮೀಮಾಂಸೆ

ಈ ಅಧ್ಯಾಯವನ್ನು ಬರೆಯುವುದಿಲ್ಲ.